ಸೆಂಟರ್‌ಗೆ ಕೊಟ್ಟ ಜೀಪು

ಜೀಪು ಕೊಡುವ ಮಾತು ಬಂದಾಗ ಸಾಲೇಹಾ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ "ಕೊಡಿ" ಎಂದಳು. ಗಂಡ ಆಸಿಮ್ ಹೋದ ಮೇಲೆ ಯಾರು ಏನು ಕೇಳಿದರೂ ಅವಳ ಉತ್ತರ ಇಷ್ಟೇ ಇರುತ್ತಿತ್ತು. ಹೋದ ವರ್ಷ ಜ್ವರವೆಂದು ಮಲಗಿದ ಮನುಷ್ಯ ಏಳಲಿಲ್ಲ. ಅವನ ಹಳೇ ಜೀಪು ಕಾಫಿ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು.

ಕೇಳಿದವನು ಮೈದುನ ಮುನೀರ್. ಸಕಲೇಶಪುರದ ಬಾಸ್ಕೆಟ್‌ಬಾಲ್ ಕ್ಲಬ್ಬನ್ನು ಅಣ್ಣನ ನಂತರ ಅವನೇ ನಡೆಸುತ್ತಿದ್ದ. ಕ್ಲಬ್ಬೆಂದರೆ ಇವರ ಮನೆಯ ಹಿಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ, ಅದರ ಅಂಚಿಗೆ ಒಂದು ಕಂಬ, ಕಂಬಕ್ಕೊಂದು ರಿಂಗ್. ಹಣ್ಣು ಕೊಯ್ದು ಕಣಕ್ಕೆ ತರುವ ತನಕ ಅಲ್ಲಿ ಆಟ. ಆಮೇಲೆ ರಿಂಗಿನ ಕೆಳಗೆಲ್ಲ ಕಾಫಿ.

ಹಾಸನದ ಟೂರ್ನಮೆಂಟಿನಲ್ಲಿ ಎರಡು ವರ್ಷದಿಂದ ಮೊದಲ ಪಂದ್ಯವನ್ನೂ ದಾಟಿರಲಿಲ್ಲ. ಈ ಸಲ ರಿಂಗಿನ ಕೆಳಗೆ ನಿಲ್ಲಲು ಎತ್ತರದ ಸೆಂಟರ್ ಒಬ್ಬ ಬೇಕೇ ಬೇಕೆಂದು ಮುನೀರ್ ಹಟ ಹಿಡಿದ. ಸಿಕ್ಕಿದವನು ಹೊಂಗಡಹಳ್ಳದ ಚಂದನ್. ಮೈಸೂರಿನ ಒಂದು ಕಾರ್ಖಾನೆಯ ತಂಡದಲ್ಲಿದ್ದ, ಆ ತಂಡ ಮುಚ್ಚಿದ್ದರಿಂದ ಊರಿಗೆ ಬಂದಿದ್ದ. ಆಲೂರಿನ ತಂಡದವರೂ ಅವನ ಬೆನ್ನು ಬಿದ್ದಿದ್ದರು. ಕಣಕ್ಕೆ ಕರೆಸಿದ ದಿನ ಅವನು ಓಡಿಬಂದು, ನೆಗೆದು, ಎರಡೂ ಕೈಯಿಂದ ಬಾಲನ್ನು ರಿಂಗಿನೊಳಕ್ಕೆ ಗುದ್ದಿ ಅಲ್ಲೇ ಜೋತುಬಿದ್ದ. ಹುಡುಗರು ಕುಣಿದಾಡಿದರು. ಏನು ಕೊಡಬೇಕು ಎಂದು ಮುನೀರ್ ಕೇಳಿದಾಗ ಶೆಡ್ಡಿನ ಕಡೆ ಕೈ ತೋರಿಸಿದ. ಬಿಸಿಲೆ ಘಾಟಿ ನೋಡಲು ಬರುವವರನ್ನು ಸುತ್ತಾಡಿಸಿ ಬದುಕಿಕೊಳ್ಳುತ್ತೇನೆ ಎಂದ. ಟೂರ್ನಮೆಂಟ್ ಮುಗಿದ ಮೇಲೆ ಕೀ ಕೊಡುವುದೆಂದು ಒಪ್ಪಂದವಾಯಿತು. ಕೀ ಸಾಲೇಹಾಳ ಬೀರುವಿನಲ್ಲಿತ್ತು.

"ಲೈಟ್ ಕಂಬಕ್ಕೆ ಯಾರಾದ್ರೂ ಜೀಪ್ ಕೊಡ್ತಾರೇನೋ?" ಎಂದು ಅತ್ತೆ ಗೌಸಿಯಾ ಮಗನಿಗೆ ಬೈದರು.

ಮೊದಲ ಪಂದ್ಯದಿಂದ ಮುನೀರ್ ಮುಖ ಇಳಿಸಿಕೊಂಡು ಬಂದ.

"ನೆಗ್ದ ಭಾಬಿ. ಬಾಲ್ ರಿಂಗಿಗೆ ಬಡಿದು ವಾಪಸ್ ಬಂತು, ಇವ್ನು ಕುಂಡಿ ಮೇಲೆ ಬಿದ್ದ. ಜೀಪಿನ ಸುದ್ದಿ ಅಲ್ಲಿಗೂ ಹೋಗಿತ್ತು. 'ಜೀಪ್ ಪಂಕ್ಚರ್, ಜೀಪ್ ಪಂಕ್ಚರ್' ಅಂತ ಹಾಸನದೋರು ಒಂದೇ ಸಮ ಕೂಗಿದ್ರು."

"ಸೋತ್ರಾ?"

"ಇಲ್ಲ, ಗೆದ್ವಿ."

"ಹೇಗೆ?"

ಮುನೀರ್ ಅತ್ತಿಗೆಯ ಮುಖ ನೋಡಿದ. ಅವಳು ಏನನ್ನಾದರೂ ತಾನಾಗಿ ಕೇಳಿ ಎಷ್ಟೋ ಕಾಲವಾಗಿತ್ತು. "ಅದೇ ಗೊತ್ತಾಗ್ತಿಲ್ಲ," ಎಂದ.

ಸಾಲೇಹಾಳಿಗೂ ಗೊತ್ತಾಗಲಿಲ್ಲ. ಹಿತ್ತಲಲ್ಲಿ ಆದ ನೆಗೆತ ಹಾಸನದಲ್ಲಿ ಯಾಕೆ ಆಗಲಿಲ್ಲ? ನೆಗೆಯಲಾರದವನು ಬಂದ ಮೇಲೆ ತಂಡ ಗೆದ್ದದ್ದು ಹೇಗೆ? ಅನ್ನಕ್ಕೆ ಇಟ್ಟು ಇದನ್ನೇ ಯೋಚಿಸುತ್ತ ಕೂತಳು. ತಳ ಹಿಡಿಯಿತು. ಮುಂದಿನ ಪಂದ್ಯವನ್ನೂ ಗೆದ್ದರು, ಅದರ ಮುಂದಿನದನ್ನೂ. ಫೈನಲ್ ದಿನ ಅವಳು ಬುರ್ಖಾ ತೊಟ್ಟು, "ನಾನೂ ಬರ್ತೀನಿ" ಎಂದು ಬಾಗಿಲಲ್ಲಿ ನಿಂತಳು. ಗೌಸಿಯಾ ನೀರಿನ ಬಾಟಲಿ ತಂದು ಕೊಟ್ಟರು.

ಹಾಸನದ ಮೈದಾನದಲ್ಲಿ ಅವಳು ಬಾಲನ್ನು ನೋಡಲಿಲ್ಲ, ಚಂದನ್‌ನನ್ನು ನೋಡಿದಳು. ಅವನು ಹೆಚ್ಚು ಓಡುತ್ತಿರಲಿಲ್ಲ, ರಿಂಗಿಗೆ ಎಸೆಯುತ್ತಲೂ ಇರಲಿಲ್ಲ. ಎದುರು ತಂಡದ ಸೆಂಟರ್ ರಿಂಗಿನ ಸುತ್ತ ಜಾಗ ಹುಡುಕುತ್ತಿದ್ದರೆ ಇವನು ಸದಾ ರಿಂಗಿನ ಮುಂದೆ, ಒಂದೇ ಕಡೆ ನಿಂತಿದ್ದ. ತಂಡದ ಹುಡುಗರು ಎಸೆದ ಬಾಲು ಅಲ್ಲಿಗೇ ಬಂದು ಬೀಳುತ್ತಿತ್ತು. ಹಿಡಿದು ಹುಡುಗರಿಗೇ ವಾಪಸ್ ಕೊಡುತ್ತಿದ್ದ. ಕೊನೆಗೆ ಒಂದೇ ಬಾಸ್ಕೆಟ್ಟಿನ ಅಂತರದಲ್ಲಿ ಸೋತರು.

ವಾಪಸ್ ಬರುವಾಗ, ಬಸ್ಸು ಬಾಳ್ಳುಪೇಟೆ ದಾಟುವ ಹೊತ್ತಿಗೆ ಅವಳಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಕಣ ಬಿರುಕು ಬಿಟ್ಟಿತೆಂದು ಮೇಲೆ ಅರ್ಧ ಗೇಣು ಕಾಂಕ್ರೀಟ್ ಹಾಕಿಸಿದ್ದರು. ಕಂಬವೂ ರಿಂಗೂ ಇದ್ದಲ್ಲೇ ಇದ್ದವು. ಆ ಸಂಜೆ ಆಸಿಮ್ ಒಬ್ಬನೇ ಕಣಕ್ಕೆ ಹೋಗಿ ನೆಗೆದಿದ್ದ. ಗಿಡ್ಡ ಆಳು ಅವನು. ಬೆರಳು ಮೊದಲ ಸಲ ರಿಂಗಿನ ಬಲೆಗೆ ತಗುಲಿತು. ಕಿಟಕಿಯಲ್ಲಿದ್ದ ಅವಳ ಕಡೆ ತಿರುಗಿ, ಯಾರಿಗೂ ಹೇಳಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಿದ್ದ.

ಮರುದಿನ ಚಂದನ್ ಕೀ ಕೇಳಲು ಬಂದ. ಮುನೀರ್ ಒಳಗೆ ಬಂದು ದನಿ ತಗ್ಗಿಸಿದ.

"ಭಾಬಿ, ಕಪ್ಪೂ ಬರ್ಲಿಲ್ಲ. ಖರ್ಚಿಗೆ ಏನಾರ ಕೊಟ್ಟು ಕಳ್ಸಣ. ಅಣ್ಣನ ಜೀಪ್ ಅದು. ಕೊಡಲ್ಲ ಅಂತ ನೀವು ಒಂದ್ ಮಾತು ಹೇಳಿ ಸಾಕು."

ಸಾಲೇಹಾ ಬೀರುವಿನಿಂದ ಕೀ ತೆಗೆದಳು. ಹೊಲಿಗೆ ಯಂತ್ರದ ಡ್ರಾಯರಿನಿಂದ ಅಳತೆ ಟೇಪನ್ನೂ ತೆಗೆದುಕೊಂಡು ಕಣಕ್ಕೆ ಹೋದಳು.

"ಇದರ ತುದಿ ರಿಂಗಿಗೆ ಹಿಡೀರಿ," ಎಂದಳು ಚಂದನ್‌ಗೆ.

ಅವನು ಸ್ಟೂಲ್ ಹತ್ತಿ ಹಿಡಿದ. ಟೇಪಿನ ಉದ್ದ ಸಾಲದೆ ಎರಡು ಸಲ ಅಳೆಯಬೇಕಾಯಿತು. ಹತ್ತು ಅಡಿ ಇರಬೇಕಾದ ರಿಂಗು ಅರ್ಧ ಗೇಣು ತಗ್ಗಿತ್ತು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ," ಅವನು ಸ್ಟೂಲ್ ಇಳಿದ. "ನೆಗೆದಾಗ್ಲೇ ತಿಳೀತು. ಈ ಮಂಡಿ ನನ್ನ ಅಷ್ಟೆತ್ರ ಎತ್ತಿ ಕಾಲ ಆಗೈತೆ."

"ಲೋ, ಮೋಸ ಕಣೋ ಇದು!" ಮುನೀರ್ ಕೂಗಿದ.

"ಕಣ ನಿಮ್ದು, ಕಂಬ ನಿಮ್ದು. ನಾನೇನ್ ರಾತ್ರಿ ಬಂದು ತಗ್ಗಿಸಿದ್ನಾ ಮಾರಾಯ?"

"ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ?"

ಚಂದನ್ ನೆಲ ನೋಡಿದ. "ಹೇಳ್ಬೋದಿತ್ತು. ಜೀಪ್ ಕಣ್ಣಿಗ್ ಬಿದ್ಬುಟ್ಟಿತ್ತು."

ಸಾಲೇಹಾಳಿಗೆ ಕೇಳಬೇಕಾದ್ದು ಇನ್ನೂ ಇತ್ತು. "ನಿನ್ನೆ ಯಾವಾಗ್ಲೂ ರಿಂಗಿನ ಮುಂದೇ ನಿಂತಿದ್ರಲ್ಲ, ಯಾಕೆ?"

ಅವನು ಅಚ್ಚರಿಯಿಂದ ತಲೆ ಎತ್ತಿದ. "ನೋಡಿದ್ರಾ ಅದ್ನ? ನಿಮ್ಮ ಹುಡುಗ್ರು ತಗ್ಗಿನ ರಿಂಗಿಗೆ ಪಳಗ್ಬುಟ್ಟವ್ರೆ. ಹಾಸನದಲ್ಲಿ ಎಸೆದ್ರೆ ಬಾಲ್ ಮುಂದಕ್ಕೇ ತಗುಲಿ ಉದುರ್ತದೆ. ಎಲ್ಲಾರ್ದೂ ಹಂಗೇ. ಉದುರೋ ಜಾಗ್ದಲ್ಲಿ ನಿಂತ್ಕಂಡೆ. ಹಿಡಿದು ಕೊಟ್ರೆ ಇನ್ನೊಂದ್ಸಲ ಎಸೀತಾರೆ, ಎರಡ್ನೇದು ಬೀಳ್ತದೆ."

ಮುನೀರ್ ಕಂಬವನ್ನೂ ಅವನನ್ನೂ ನೋಡಿದ. "ಹಂಗಾದ್ರೆ ನಾವು ಎರಡ್ ವರ್ಷ ಸೋತಿದ್ದು… ಅಣ್ಣಂಗೆ ಗೊತ್ತಿತ್ತಾ ಭಾಬಿ?"

"ಗೊತ್ತಿತ್ತು."

"ಒಂದ್ ಮಾತೂ ಹೇಳ್ಲಿಲ್ಲ!"

"ಅವರಿಗೂ ಆಸೆ ಇತ್ತು. ಬಲೆ ಮುಟ್ಬೇಕು ಅಂತ." ಹೇಳುವಾಗ ಅವಳಿಗೆ ನಗು ಬಂತು. ಮುನೀರ್ ಕಕ್ಕಾಬಿಕ್ಕಿಯಾಗಿ ನಿಂತು, ಆಮೇಲೆ ಅವನೂ ನಕ್ಕುಬಿಟ್ಟ.

ಅವಳು ಕೀಯನ್ನು ಚಂದನ್‌ಗೆ ಕೊಟ್ಟಳು. "ನಿಮ್ಮಣ್ಣ ಸುಮ್ಮನಿದ್ದದ್ದು ತಪ್ಪಲ್ಲ, ಇವರದ್ದು ತಪ್ಪು ಅನ್ನೋಕೆ ನನಗೆ ಬರಲ್ಲ ಮುನೀರ್," ಎಂದಳು.

ಟಾರ್ಪಾಲು ಸರಿಸಿ ಚಂದನ್ ಜೀಪು ಹತ್ತಿದ. ಒಂದು ಕಾಲು ಒಳಗೆ ಹೋಯಿತು. ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಿಂದ ಎತ್ತಿ ಒಳಗೆ ತುರುಕಿದ. ಮಂಡಿಗಳೆರಡೂ ಸ್ಟೀರಿಂಗಿನ ಆಚೀಚೆ ಎದ್ದು ನಿಂತವು.

"ಸೀಟು ಹಿಂದಕ್ಕೆ ಹೋಗಲ್ವಾ?" ಚಂದನ್ ಕೇಳಿದ.

"ಎಲ್ಲೋಯ್ತದೆ? ಅಣ್ಣಂಗೆ ಕಾಲು ಎಟುಕ್ತಿರ್ಲಿಲ್ಲ ಅಂತ ಮುಂದಕ್ಕೆ ತಂದು ವೆಲ್ಡ್ ಮಾಡ್ಸಿದ್ದ." ಮುನೀರ್‌ಗೆ ಹೋದ ಜೀವ ಬಂದಂತಾಗಿತ್ತು. "ಒಂದ್ಸಲ ಕೂತೂ ನೋಡ್ದೆ ಕೇಳ್ಬುಟ್ಯಾ ಜೀಪ್‌ನ?"

"ನೀವು ಅಳೀದೆ ತಗಳ್ಲಿಲ್ವಾ ನನ್ನ?"

ಸಾಲೇಹಾ ಬಗ್ಗಿ ಸೀಟಿನ ಬುಡ ನೋಡಿದಳು. ಒರಟಾದ ಬೆಸುಗೆ, ಮೇಲೆ ಆಸಿಮನೇ ಬಳಿದ ಕಪ್ಪು ಬಣ್ಣ. ಬೆರಳಿನಿಂದ ಮುಟ್ಟಿ ಎದ್ದಳು.

"ಹುಜೈಫಾ ಅವರ ವೆಲ್ಡಿಂಗ್ ಅಂಗಡಿ ಸೇತುವೆ ಹತ್ತಿರ ಇದೆ," ಎಂದಳು. "ಇದನ್ನ ಕಡಿಸಿ ಸೀಟು ಹಿಂದಕ್ಕೆ ಹಾಕಿಸ್ಕೊಳ್ಳಿ. ಹಾಗೇ ಅವರಿಗೆ ಇಲ್ಲಿಗೆ ಬರೋಕೆ ಹೇಳಿ, ರಿಂಗನ್ನೂ ಮೇಲಕ್ಕೆತ್ತಬೇಕು."

ಜೀಪು ಕೆಮ್ಮಿ, ಹೊಗೆ ಬಿಟ್ಟು ಹೊರಟಿತು. ಮುಂದೆ ರಸ್ತೆ ಇಳಿಜಾರು. ಆ ಕಾಲಿನಲ್ಲಿ ಬ್ರೇಕನ್ನು ಹೇಗೆ ಒತ್ತುತ್ತಾನೆಂದು ನೋಡಲು ಸಾಲೇಹಾ ಗೇಟಿನ ಆಚೆಗೂ ನಾಲ್ಕು ಹೆಜ್ಜೆ ನಡೆದಳು.