ಬಿಳಿಯ ಮೇಲೆ ಬಿಳಿ

ಜೀಪು ಅಂಗಳದಲ್ಲಿ ನಿಂತಾಗ ವಿಜೇತಾ ಹೊರಗೆ ಬಂದಳು. ಹಿಂದಿನ ಸೀಟಿನಿಂದ ಒಬ್ಬ ಹೆಂಗಸನ್ನು ಎತ್ತಿ ಇಳಿಸುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಊದಿತ್ತು.

ಗುರುವಾಯನಕೆರೆಯ ಆ ಮನೆಯಲ್ಲಿ ವಿಜೇತಾಳ ಅತ್ತೆ ಸರಸಮ್ಮ ಕಾಮಾಲೆಗೆ ಮದ್ದು ಅರೆದು ಕೊಡುತ್ತಿದ್ದರು. ದುಡ್ಡು ಮುಟ್ಟುವ ಹಾಗಿಲ್ಲ, ರೋಗಿಯನ್ನು ಕರೆಯುವ ಹಾಗೂ ಇಲ್ಲ. ಬೇಕಾದವರು ತಾವಾಗಿ ಬರಬೇಕು. ಅದು ಮನೆಯ ಕಟ್ಟುಕಟ್ಟಳೆ. ಉಜಿರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸೊಸೆಗೋ ಅತ್ತೆಯ ಹೆಸರು ನಾಲ್ಕು ಊರಿಗೆ ತಿಳಿಯಲಿ ಎಂಬ ಆಸೆ. ಮನೆಯ ಫೋನ್ ನಂಬರನ್ನೂ ಹಾಕಿ ವೆಬ್‌ಸೈಟ್ ಮಾಡಿದಳು. ಅದನ್ನು ನಾಯಿಯೂ ಮೂಸಲಿಲ್ಲ. ಜನ ಹುಡುಕುವ ಪದವೇ ಪುಟದಲ್ಲಿ ಮತ್ತೆ ಮತ್ತೆ ಇದ್ದರೆ ನೆಟ್ಟಿನಲ್ಲಿ ಹುಡುಕಿಕೊಡುವ ಯಂತ್ರ ಆ ಪುಟವನ್ನು ಪಟ್ಟಿಯ ಮೇಲಕ್ಕೆ ತರುತ್ತದೆ ಎಂದು ಯಾರೋ ಹೇಳಿಕೊಟ್ಟರು. ಕಾಮಾಲೆಯನ್ನು ಎಷ್ಟು ಜನ ಹುಡುಕಿಯಾರು? 'ಲಿವರ್ ಕ್ಯಾನ್ಸರಿಗೆ ಮದ್ದು' ಎಂದು ಇಂಗ್ಲಿಷಿನಲ್ಲಿ ಸಾಲುಗಟ್ಟಲೆ ತುಂಬಿದಳು, ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ. ಮನುಷ್ಯರ ಕಣ್ಣಿಗೆ ಬೀಳದು, ಯಂತ್ರ ಓದಿಕೊಳ್ಳುತ್ತದೆ. ಯಂತ್ರಕ್ಕೆ ಹೇಳಿದ ಸುಳ್ಳು ಸುಳ್ಳೇ ಅಲ್ಲ ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

"ಸೈಬರ್‌ನಾಗೆ ಹುಡುಕಿಸಿದ್ವಿ ಅಮ್ಮಾ," ಹೆಂಗಸಿನ ಗಂಡ ಕೈಮುಗಿದ. ದಾವಣಗೆರೆ ಕಡೆಯವನು. "ಲಿವರ್ ಕ್ಯಾನ್ಸರಿಗೆ ನಿಮ್ ಮನೆ ಹೆಸರೇ ಎಲ್ಲಕ್ಕಿಂತ ಮೇಲೆ ಬಂತು. ಆಪರೇಷನ್ ಬ್ಯಾಡ ಅಂತ ಆಸ್ಪತ್ರೆಯಿಂದ ಬಿಡಿಸ್ಕೆಂಡು ಬಂದೀವಿ."

ಸರಸಮ್ಮ ಹೆಂಗಸಿನ ಕಣ್ಣು ನೋಡಿದರು, ಉಗುರು ನೋಡಿದರು. "ಇದು ನನ್ನ ಮದ್ದಿಗೆ ಬಗ್ಗುವ ಕಾಯಿಲೆ ಅಲ್ಲ. ಈಗಲೇ ಮಂಗಳೂರಿಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ."

"ಒಂಚೂರು ಕೊಡ್ರೀ," ಎಂದು ಹೆಂಗಸು ಅವರ ಸೆರಗು ಹಿಡಿದಳು. ಸರಸಮ್ಮ ಅದನ್ನು ಬಿಡಿಸಿಕೊಂಡು ಅವಳನ್ನು ಜೀಪಿಗೆ ಏರಿಸಿದರು.

ಜೀಪು ಮರೆಯಾದ ಮೇಲೆ ಅವರು ಕೇಳಿದರು, "ಇವರನ್ನು ಕರೆದದ್ದು ಯಾರು?"

ವಿಜೇತಾ ಒಳಗೆ ಓಡಿದಳು. ನೆಟ್ ಹಾಕಿ ಆ ಸಾಲುಗಳನ್ನೆಲ್ಲ ಅಳಿಸಿದಳು. ಹುಡುಕಿ ನೋಡಿದರೆ ಮನೆಯ ಹೆಸರು ಇನ್ನೂ ಮೇಲೆಯೇ ಇತ್ತು. ಯಂತ್ರ ಮತ್ತೆ ಬಂದು ಓದುವವರೆಗೆ ಹಾಗೆಯೇ. ಈ ಹೊತ್ತಿನಲ್ಲಿ ಎಷ್ಟು ಊರಿನಿಂದ ಎಷ್ಟು ಜನ ಬಸ್ಸು ಹತ್ತಿರಬಹುದು?

"ಮಾಮೀ, ಅಳಿಸಿದೆ. ಆದ್ರೆ ಹೋಗುವುದಿಲ್ಲ," ಎಂದು ಹಿಂದೆಯೇ ಬಂದ ಅತ್ತೆಯೆದುರು ಅತ್ತಳು. ಮಾಡಿದ್ದನ್ನೆಲ್ಲ ಹೇಳಿದಳು.

ಸರಸಮ್ಮ ಬಯ್ಯಲಿಲ್ಲ. ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದರು. ಫೋನಿಗೂ ನೆಟ್ಟಿಗೂ ಇರುವುದು ಒಂದೇ ಲೈನು. ನೆಟ್ ಇರುವಷ್ಟು ಹೊತ್ತು ಫೋನ್ ಬರುವುದಿಲ್ಲ.

"ನೆಟ್ ತೆಗಿ. ಹೊರಡುವ ಮೊದಲು ಫೋನ್ ಮಾಡಿ ಕೇಳುವವರಿಗಾದ್ರೂ ಬರ್ಬೇಡಿ ಅಂತ ಹೇಳುವ."

ವಿಜೇತಾಳ ಬೆರಳು ಮೌಸಿನ ಮೇಲೆ ಬಹಳ ಹೊತ್ತು ನಿಂತಿತು. ಕೊನೆಗೆ ಒತ್ತಿದಳು. ಫೋನ್ ಕೂಡಲೇ ಬಡಿದುಕೊಂಡಿತು.

"ಎತ್ತು," ಎಂದರು ಸರಸಮ್ಮ. "ಮಾತಾಡುವುದು ನೀನೇ."