ಮೈಕಮ್ಮನ ಎರಡು ಮಾತು

ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ನಿಲ್ದಾಣದ ಮೈಕಿನಲ್ಲಿ ಕೂಗಿ ಹೇಳುವುದು ಅವಳ ಕೆಲಸ. ಕಂಡಕ್ಟರುಗಳು ಮೈಕಮ್ಮ ಎಂದು ಹೆಸರಿಟ್ಟಿದ್ದರು. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಊರಲ್ಲೇ ಇರಲಿಲ್ಲ. ಹಾಗಾಗಿ ಸಾಂಕ್ರಾಮಿಕ ರೋಗ ಬಂದು ಬಸ್ಸುಗಳೆಲ್ಲ ನಿಂತಾಗ, ನಗರಸಭೆಯ ಪ್ರಚಾರಾಧಿಕಾರಿ ಅವಳನ್ನೇ ಹುಡುಕಿಕೊಂಡು ಬಂದ.

“ನೀವು ಬಸ್ಸು ಹೊರಡುತ್ತೆ ಅಂದ್ರೆ ಹೊರಡುತ್ತೆ. ಜನಕ್ಕೆ ನಿಮ್ಮ ದನಿ ಮೇಲೆ ನಂಬಿಕೆ ಇದೆ ಮೇಡಂ. ನಮ್ಮ ಮೇಲಿರೋದಕ್ಕಿಂತ ಜಾಸ್ತಿ,” ಎಂದ.

ಮೊದಲ ವಾರ ಅವಳಿಂದ ಓದಿಸಿದ್ದು ಇಷ್ಟು: ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಕಿಲ್ಲ, ಸುಮ್ಮನೆ ಗಾಬರಿಯಾಗಬೇಡಿ, ಗಾಬರಿ ಹಬ್ಬಿಸುವವರ ಮಾತು ಕೇಳಬೇಡಿ. ಆಟೋದ ತಲೆಯ ಮೇಲೆ ಸ್ಪೀಕರ್ ಕಟ್ಟಿ ಅದನ್ನು ಬೀದಿ ಬೀದಿ ಸುತ್ತಿಸಿದರು.

ಆ ವಾರವೇ ಅವಳ ಅಕ್ಕ ಮಾಸ್ಕ್ ಹೊಲಿಯತೊಡಗಿದ್ದಳು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರವೇ ಮುಖ್ಯ ಕೆಲಸ. ಶಾಲೆ ಮುಚ್ಚಿತ್ತು, ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿತ್ತು. ಅದರಲ್ಲೇ ನೀಲಿ ಮಾಸ್ಕುಗಳನ್ನು ಹೊಲಿದು ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದಳು. ಎದುರಿನ ಔಷಧಿ ಅಂಗಡಿಯವನು ದೂರು ಕೊಟ್ಟ. ಆರೋಗ್ಯ ಇನ್ಸ್‌ಪೆಕ್ಟರ್ ಬಂದು ದಾರದ ಸಮೇತ ಕಿತ್ತುಕೊಂಡು, “ಜನರನ್ನ ಹೆದರಿಸಿ ವ್ಯಾಪಾರ ಮಾಡ್ತೀರಾ? ನಿಮ್ಮ ತಂಗೀನೇ ಬೇಡ ಅಂತ ಕೂಗ್ತಿಲ್ವಾ?” ಎಂದು ಬೀದಿಗೆಲ್ಲ ಕೇಳುವಂತೆ ಗದರಿಸಿದ.

ಮುಂದಿನ ತಿಂಗಳು ಮೈಕಮ್ಮನ ಕೈಗೆ ಬೇರೆ ಕಾಗದ ಬಂತು. ಮಾಸ್ಕ್ ಕಡ್ಡಾಯ. ಧರಿಸದವರು ಸಮಾಜದ ಶತ್ರುಗಳು. ಅದೇ ಆಟೋ, ಅದೇ ದನಿ. ಅಂಗಡಿಯ ಹೊಸ್ತಿಲಲ್ಲಿ ಬರಿಮುಖದಲ್ಲಿ ಕೂತಿದ್ದ ಅಕ್ಕನನ್ನು ಅದೇ ಇನ್ಸ್‌ಪೆಕ್ಟರ್ ಎಬ್ಬಿಸಿ ನಿಲ್ಲಿಸಿ, “ನಿಮಗೆ ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?” ಎಂದ.

“ನನ್ನ ಮಾಸ್ಕೆಲ್ಲ ನಿಮ್ಮ ಆಫೀಸಲ್ಲೇ ಇದೆ ಸಾರ್. ಒಂದು ವಾಪಸ್ ಕೊಡಿ, ಹಾಕ್ಕೋತೀನಿ.”

ಸುತ್ತ ನಿಂತಿದ್ದವರು ಯಾರೂ ನಗಲಿಲ್ಲ. ಮುಸುಕಿದ ಬಾಯಿಗಳ ಮೇಲಿನ ಕಣ್ಣುಗಳು ಅವಳನ್ನೇ ದುರುಗುಟ್ಟಿ ನೋಡಿದವು.

ಅಂದಿನಿಂದ ಅಕ್ಕ ಸರ್ಕಾರದ ಯಾವ ಮಾತಿಗೂ ಕಿವಿಗೊಡಲಿಲ್ಲ. ಲಸಿಕೆ ಬಂದಾಗ ಬೇಡವೇ ಬೇಡ ಎಂದಳು. ಹಾಕಿಸಿಕೊಂಡವರ ಬಾಗಿಲಿಗೆ ಔಷಧಿ ಅಂಗಡಿಯವನೂ ಬೀದಿಯ ಸಮಿತಿಯವರೂ ಹಸಿರು ಚೀಟಿ ಅಂಟಿಸುತ್ತಾ ಹೋದರು. ಬರಿದಾಗಿ ಉಳಿದದ್ದು ಅಕ್ಕನ ಬಾಗಿಲೊಂದೇ. ಗಿರಾಕಿಗಳು ಕೊಟ್ಟ ಬಟ್ಟೆಯನ್ನು ಹೊಲಿಯುವ ಮೊದಲೇ ವಾಪಸ್ ಕೇಳಿದರು. ಎದುರಾದವರು ಬೀದಿಯ ಆಚೆ ಬದಿಗೆ ದಾಟಿಕೊಂಡರು.

ಮೈಕಮ್ಮನಿಗೆ ಲಸಿಕೆಯ ಬಗ್ಗೆ ಅನುಮಾನವಿರಲಿಲ್ಲ. ಅವಳ ಜೊತೆ ದಿನಾ ಹರಟುತ್ತಿದ್ದ ಗಡ್ಡದ ಕಂಡಕ್ಟರ್ ಉಸಿರು ಸಿಗದೆ ಸತ್ತಿದ್ದ. ಆಸ್ಪತ್ರೆಯ ಗೇಟಿನ ಹೊರಗೆ ಅವನ ಹೆಂಡತಿ ಗೋಳಾಡಿದ್ದನ್ನು ಕಣ್ಣಾರೆ ಕಂಡಿದ್ದಳು. ಅಕ್ಕನಿಗೂ ಹಾಗಾದರೆ ಎಂಬ ಭಯಕ್ಕೆ ಊಟ ಸೇರುತ್ತಿರಲಿಲ್ಲ. ಆದರೆ ಏನು ಹೇಳಲು ಹೋದರೂ ಅಕ್ಕ, “ಇದನ್ನ ಹೇಳ್ತಿರೋದು ನೀನಾ, ಆಟೋನಾ?” ಎನ್ನುತ್ತಿದ್ದಳು.

ಹೀಗಿರುವಾಗ ಅಧಿಕಾರಿ ಮತ್ತೊಂದು ಪ್ರಕಟಣೆ ತಂದ. ಕೊನೆಯ ಸಾಲು: ನಿಮ್ಮ ನೆರೆಹೊರೆಯಲ್ಲಿ ಲಸಿಕೆ ಹಾಕಿಸಿಕೊಳ್ಳದವರಿದ್ದರೆ ನಮಗೆ ತಿಳಿಸಿ.

ಕಚೇರಿಯ ಹಿಂಬದಿಯ ಕೋಣೆಯಲ್ಲಿ, ಸದ್ದಾಗದಿರಲೆಂದು ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡುತ್ತಿದ್ದರು. ಮೈಕಮ್ಮ ಬೆವರೊರೆಸಿಕೊಂಡು ಕಾಗದ ಕೆಳಗಿಟ್ಟಳು.

“ಇದರ ಬದಲು ಬೇರೆ ಮಾತು ಸೇರಿಸ್ಲಾ ಸಾರ್? ಮಾಸ್ಕ್ ಬೇಡ ಅಂತ ಮೊದಲು ಹೇಳಿದ್ದು ತಪ್ಪಾಗಿತ್ತು, ಆಗ ನಮಗೂ ಸರಿಯಾಗಿ ಗೊತ್ತಿರ್ಲಿಲ್ಲ ಅಂತ.”

“ಏನ್ ಮೇಡಂ ನೀವು! ತಪ್ಪಾಯ್ತು ಅಂದ್ರೆ ನಾಳೆಯಿಂದ ನಮ್ಮ ಮಾತು ಯಾರು ಕೇಳ್ತಾರೆ?”

“ಈಗ ಯಾರು ಕೇಳ್ತಿದಾರೆ?”

“ಯಾಕೆ, ಬಾಗಿಲು ಬಾಗಿಲಲ್ಲೂ ಹಸಿರು ಚೀಟಿ ಇದೆಯಲ್ಲ.”

“ಅದರಲ್ಲಿ ಕೇಳಿ ಬಂದವರೆಷ್ಟು, ಹೆದರಿ ಬಂದವರೆಷ್ಟು?”

ಅಧಿಕಾರಿ ಕಣ್ಣುಜ್ಜಿಕೊಂಡ. ಕೆಟ್ಟವನೇನಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. “ಮೇಲಿಂದ ಬಂದಿದ್ದನ್ನ ನಾನು ತಿದ್ದಕ್ಕಾಗಲ್ಲ. ಓದಿದ್ರೆ ಓದಿ, ಇಲ್ದಿದ್ರೆ ಬೇರೆಯವರಿದಾರೆ.”

ಅವಳು ಎದ್ದು ಬಂದಳು. ಮರುದಿನ ಯಾವುದೋ ಹೊಸ ಹೆಣ್ಣುದನಿ ಆ ಸಾಲನ್ನು ಓದುತ್ತಾ ಬೀದಿ ಸುತ್ತಿತು.

ಅಕ್ಕ ಭೇಷ್ ಅನ್ನಬಹುದೆಂದು ಮೈಕಮ್ಮ ಅಂದುಕೊಂಡಿದ್ದಳು. ಅಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ ತಲೆಯೂ ಎತ್ತಲಿಲ್ಲ. “ನನ್ನ ಮಾಸ್ಕ್ ಕಿತ್ಕೊಂಡು ಹೋದಾಗ ಎದ್ದು ಬರ್ಬೇಕಿತ್ತು.”

“ಆಗ ನಾನೂ ನಂಬಿದ್ದೆ ಅಕ್ಕ. ತಪ್ಪು ಅಂತ ಅವರು ಹೇಳಲ್ಲ, ನಾನು ಹೇಳ್ತೀನಿ. ಆದ್ರೆ ಒಂದ್ಸಲ ತಪ್ಪು ಹೇಳಿದ್ರು ಅಂತ ಇನ್ಮೇಲೆ ಹೇಳೋದೆಲ್ಲ ಸುಳ್ಳಾಗುತ್ತಾ? ಹಾಕಿಸ್ಕೋ. ನನಗೋಸ್ಕರ.”

“ಅವತ್ತೂ ಇಷ್ಟೇ ಚೆನ್ನಾಗಿ ಹೇಳಿದ್ದೆ ನೀನು.”

ಮೈಕಮ್ಮ ಎದ್ದಳು. ಚಪ್ಪಲಿ ಮೆಟ್ಟಿ ಧಡಾರನೆ ಬಾಗಿಲೆಳೆದುಕೊಂಡು ಹೋದಳು.

ಶಾಲೆ ತೆರೆಯಿತು. ಲಸಿಕೆ ಆಗದವರಿಗೆ ಸಮವಸ್ತ್ರದ ಕೆಲಸ ಕೊಡುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಕಳಿಸಿದರು. ಅಕ್ಕ ಅಂಗಡಿಗೆ ಬೀಗ ಹಾಕಿ, ತಂಗಿಯ ಮನೆಗೆ ಬಂದು, “ನಡಿ,” ಎಂದಳು. ಸೂಜಿ ಚುಚ್ಚುವಾಗ ಗೋಡೆ ನೋಡುತ್ತಾ ಕೂತಳು. ಲಸಿಕೆ ಕೇಂದ್ರದ ಹೊರಗೆ ಅಧಿಕಾರಿ ವಿಡಿಯೋ ತೆಗೆಯಲು ಮೊಬೈಲು ಹಿಡಿದು ಕಾದಿದ್ದ.

“ಕೊನೆಗೂ ಬಂದ್ರಲ್ಲಮ್ಮ! ನಂಬಿಕೆ ಬಂತು, ಅದಕ್ಕೇ ಹಾಕಿಸ್ಕೊಂಡೆ ಅಂತ ಎರಡು ಮಾತು ಹೇಳಿ. ನಿಮ್ಮನ್ನ ನೋಡಿ ಇನ್ನಷ್ಟು ಜನ ಬರ್ತಾರೆ.”

“ನಂಬಿ ಬರ್ಲಿಲ್ಲ. ಕೆಲಸ ಕಿತ್ಕೊಂಡ್ರಿ, ಬಂದೆ. ಬೇಕಾದ್ರೆ ಇದನ್ನೇ ವಿಡಿಯೋದಲ್ಲಿ ಹಾಕಿ.”

ಅವನು ಮೊಬೈಲು ಇಳಿಸಿ ಮೈಕಮ್ಮನತ್ತ ತಿರುಗಿದ. “ನೀವಾದ್ರೂ ಹೇಳಿ ಮೇಡಂ.”

“ಏನಂತ ಹೇಳ್ಲಿ ಸಾರ್? ಅವಳು ಹೇಳಿದ್ದು ನಿಜಾನೇ.”

ಸಂಜೆಗೆ ಅಕ್ಕನ ಮೈ ಸುಡತೊಡಗಿತು. ಜ್ವರ ಬರಬಹುದೆಂದು ಕೇಂದ್ರದಲ್ಲಿ ಹೇಳಿದ್ದರು. ಮೈಕಮ್ಮ ಅಕ್ಕನ ಮನೆಯಲ್ಲೇ ಉಳಿದು ಒದ್ದೆ ಬಟ್ಟೆ ಹಿಂಡಿ ಹಣೆಗಿಟ್ಟಳು. ಅಕ್ಕನ ಜೀವಕ್ಕೊಂದು ಕಾವಲಾಯಿತೆಂಬ ಸಮಾಧಾನವೇನೋ ಇತ್ತು. ಹೀಗೆ ಮಂಡಿಯೂರಿಸಿಯೇ ಆಗಬೇಕಿತ್ತೇ ಎಂಬ ಸಂಕಟ ಅದನ್ನು ನಿಲ್ಲಗೊಡುತ್ತಿರಲಿಲ್ಲ.

“ನಾಳೆ ಇಳಿಯುತ್ತೆ,” ಎಂದಳು.

ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಗೊತ್ತಿದ್ದು ಹೇಳ್ತಿದೀಯಾ, ಸುಮ್ನೆ ಹೇಳ್ತಿದೀಯಾ?”

ಮೈಕಮ್ಮ ಹಣೆಯ ಬಟ್ಟೆ ತೆಗೆದು ಮತ್ತೆ ನೀರಿಗೆ ಅದ್ದಿದಳು. “ಇಳಿಯುತ್ತೆ ಅಂತ ಅಂದ್ಕೊಂಡಿದೀನಿ. ಇಳಿಯೋವರೆಗೂ ಇಲ್ಲೇ ಇರ್ತೀನಿ.”

ಅಕ್ಕ ಗೋಡೆಯ ಕಡೆ ಸರಿದು ಹಾಸಿಗೆಯಲ್ಲಿ ಅವಳಿಗೂ ಜಾಗ ಬಿಟ್ಟಳು.