ತಳ ಗಟ್ಟಿ ಐತೇನ್ರಿ?

ರಾಚಪ್ಪ ರೋಲರನ್ನು ಡಬ್ಬಿಯಲ್ಲಿ ಅದ್ದಿ ನನ್ನ ಎಡಪಕ್ಕೆಯ ಮೇಲೆ ಎಳೆಯುತ್ತಿದ್ದಾನೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಹೋದ ವರ್ಷ ಅಡುಗೆಮನೆಯ ಗೋಡೆಗೆ ಬಳಿದ ರೋಲರೇ ಇದು. ಅದರ ತುಪ್ಪಳದಲ್ಲಿ ಒಣಗಿ ಕೂತ ಹಳೆಯ ಬಣ್ಣದ ಹಕ್ಕಳೆಗಳು ಈಗ ನನ್ನ ಮೈಗೆ ಅಂಟಿಕೊಂಡು ಕಜ್ಜಿ ಎದ್ದಂತಾಗಿದೆ. ನನ್ನನ್ನು ತೊಳೆಯಲೂ ಇಲ್ಲ, ಉಜ್ಜಲೂ ಇಲ್ಲ. ಕಾಗೆಯ ಹಿಕ್ಕೆ ಇದ್ದರೆ ಅದರ ಮೇಲೆ ಬಣ್ಣ, ನೊಣ ಕೂತಿದ್ದರೆ ನೊಣದ ಮೇಲೂ ಬಣ್ಣ. ಮನೆಯ ಬಾಗಿಲಿಗೆ ಹಚ್ಚಿ ಮಿಕ್ಕ ನೀಲಿಗೆ ಪಕ್ಕದ ಮನೆಯ ತೋಟಪ್ಪನ ಗೇಟಿನ ಹಸಿರನ್ನು ಸುರಿದು, ಸಾಲದ್ದಕ್ಕೆ ಸೀಮೆಎಣ್ಣೆ ಬೆರೆಸಿ ಕದಡಿದ್ದಾನೆ. ಹಳಸಿದ ಮಜ್ಜಿಗೆಗೆ ಬಟ್ಟೆಯ ನೀಲಿ ಹಾಕಿದರೆ ಯಾವ ಬಣ್ಣ ಬರುತ್ತದೋ ಅದು ನನ್ನ ಬಣ್ಣ.

ತೋಟಪ್ಪ ಗೋಡೆಯಾಚೆಯಿಂದ ಇಣುಕಿದ.

"ಏನ ರಾಚಪ್ಪಣ್ಣ, ಮುದಿ ಎಮ್ಮಿಗೆ ಅರಿಷಿಣ ಹಚ್ಚಿ ಮದಿವಿ ಮಾಡ್ತಿಯೇನ?"

"ನಿನ್ನ ಗೇಟಿನ ಬಣ್ಣನ ಹಚ್ಚೀನಿ. ಬೀಗರಾದ್ವಿ ಅಂತ ತಿಳ್ಕೊ."

ತೋಟಪ್ಪ ಹೇಳಿದ್ದು ಸುಳ್ಳಲ್ಲ. ನಾನೊಂದು ಮುದಿ ವ್ಯಾನು, ಗದಗ-ಬೆಟಗೇರಿಯ ಈ ಓಣಿಯಲ್ಲಿ ನಿಂತು ಮೂರು ವರ್ಷವಾಯಿತು. ನನ್ನೊಳಗೆ ಮಂಚವಿದೆ, ಒಲೆಯಿದೆ, ನೀರಿನ ಡ್ರಮ್ಮಿದೆ. ನಾಲ್ಕು ಗಾಲಿಯ ಮನೆ ಎನ್ನಬಹುದು. ಈ ಮನೆಯನ್ನು ಕೊಳ್ಳುತ್ತೇನೆಂದು ಕುಷ್ಟಗಿಯಿಂದ ದಾವಲಬಿ ಎಂಬಾಕೆ ಪತ್ರ ಹಾಕಿದ್ದಾಳೆ. ಊರೂರಿಗೆ ಹೋಗಿ ಅರಳೆ ಬಡಿದು ಗಾದಿ ತುಂಬುವುದು ಆಕೆಯ ಕಸುಬು. ತಾಯಿಯಿಲ್ಲದ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಸಂತೆಕಟ್ಟೆಯ ಮೇಲೆ ಮಲಗುತ್ತಾಳಂತೆ. ಪತ್ರದಲ್ಲಿ ಆಕೆ ಕೇಳಿದ್ದು ಒಂದೇ ಮಾತು: ತಳ ಗಟ್ಟಿ ಐತೇನ್ರಿ, ಮಕ್ಕಳು ಮಲಗ್ತಾವ. ನಿಮ್ಮ ಉತ್ತರ ಬಂದ ಮ್ಯಾಲ ಬರ್ತೀನಿ.

ಪತ್ರ ಬಂದು ಮೂರು ತಿಂಗಳಾಯಿತು. ಉತ್ತರ ಹೋಗಿಲ್ಲ, ಯಾಕೆಂದರೆ ನನ್ನ ತಳ ಗಟ್ಟಿಯಿಲ್ಲ.

ಹುಟ್ಟುವಾಗ ಗಟ್ಟಿಯೇ ಇತ್ತು. ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿದವನು ನಾನು. ಮೊದಲ ಬಣ್ಣವನ್ನು ನನಗೆ ಹೊಗೆಯಂತೆ ಊದಿದ್ದರು. ಎಷ್ಟು ನುಣುಪೆಂದರೆ ನೊಣ ಕೂತರೆ ಜಾರಬೇಕು. ಹುಬ್ಬಳ್ಳಿಯ ಬೇಕರಿಯವನು ನನ್ನನ್ನು ಕೊಂಡ. ಬೆಳಗಿನ ಹೊತ್ತು ಬಿಸಿ ಬ್ರೆಡ್ಡಿನ ವಾಸನೆ ತುಂಬಿಕೊಂಡು ತಿರುಗುತ್ತಿದ್ದೆ. ಮಕ್ಕಳು ವಾಸನೆ ಹಿಡಿದೇ ನನ್ನ ಹಿಂದೆ ಓಡುತ್ತಿದ್ದರು. ಆ ಸುಖ ಆರು ವರ್ಷ.

ಆಮೇಲೆ ಸಿಕ್ಕಿದವನು ಕೋಳಿ ಸಾಗಿಸುವವನು. ಅವನ ಹೆಸರು ಹೇಳಲೂ ನನಗೆ ಮನಸ್ಸಿಲ್ಲ. ಬುಟ್ಟಿಯ ಮೇಲೆ ಬುಟ್ಟಿ ಒಟ್ಟುತ್ತಿದ್ದ. ಮೇಲಿನ ಕೋಳಿ ಕೆಳಗಿನ ಕೋಳಿಯ ಮೇಲೆ, ಕೆಳಗಿನದು ನನ್ನ ಮೇಲೆ. ದಿನವೂ ತೊಳೆದಿದ್ದರೆ ಬದುಕುತ್ತಿದ್ದೆ. ಅವನು ಅಮಾವಾಸ್ಯೆಗೊಮ್ಮೆ ಒಂದು ಕೊಡ ನೀರು ಚೆಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದ. ಪೂಜೆ ಮೂತಿಗೆ, ಹೊಲಸು ಹೊಟ್ಟೆಗೆ. ಆ ಹಿಕ್ಕೆಯ ನೀರು ಸಂದಿಯಲ್ಲಿ ನಿಂತು ನಿಂತು ನನ್ನ ತಳವನ್ನು ಒಳಗೊಳಗೇ ತಿಂದಿತು.

ಅಂಥ ಸ್ಥಿತಿಯಲ್ಲಿ ನನ್ನನ್ನು ತಂದವನು ರಾಚಪ್ಪ. ಅವನ ಹೆಂಡತಿ ನಿಂಬೆವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಎಂಟು ದಿನ ಬೂದಿ, ಸೀಗೆಪುಡಿ ಹಾಕಿ ನನ್ನ ಹೊಟ್ಟೆ ತಿಕ್ಕಿದಳು. ಬೈಯುತ್ತ ತಿಕ್ಕಿದಳು, ಆದರೆ ತಿಕ್ಕಿದಳು.

ರಾಚಪ್ಪ ತಕ್ಕಡಿ ರಿಪೇರಿ ಮಾಡುವವನು. ಸೋಮವಾರ ಒಂದು ಸಂತೆ, ಮಂಗಳವಾರ ಇನ್ನೊಂದು. ಗಂಡ ಹೆಂಡಿರ ಊಟ, ನಿದ್ದೆ ಎಲ್ಲ ನನ್ನೊಳಗೇ. ವ್ಯಾಪಾರಿಗಳು ತಕ್ಕಡಿ, ತೂಕದ ಕಲ್ಲುಗಳನ್ನು ತಂದು ನನ್ನ ಹಿಂಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಕಲ್ಲು ಎಂದರೆ ಕಬ್ಬಿಣದ್ದೇ. ಸವೆದು ಹಗುರಾದ ಕಲ್ಲಿನ ತಳದ ಗುಂಡಿಗೆ ರಾಚಪ್ಪ ಸೀಸ ಕಾಯಿಸಿ ಹೊಯ್ದು ತೂಕ ಸರಿ ಮಾಡುತ್ತಿದ್ದ. ಯಾರಾದರೂ "ಕಣ್ಣಿಗೆ ಸಮಾ ಕಾಣ್ತದಲ್ಲಪಾ, ಸಾಕು ಬಿಡು" ಎಂದರೆ ಸಿಡುಕುತ್ತಿದ್ದ. "ಕಣ್ಣಿಂದ ತೂಗಬ್ಯಾಡ. ಕಲ್ಲು ಇಡು." ಹದಿನಾಲ್ಕು ವರ್ಷ ಆ ಮಾತು ಕೇಳಿದ್ದೇನೆ. ಆಮೇಲೆ ಅಂಗಡಿಗಳಿಗೆ ಕರೆಂಟಿನ ತಕ್ಕಡಿ ಬಂತು. ಅವನ ಮೊಣಕಾಲೂ ಹೋಯಿತು. ನಾನು ಓಣಿಯಲ್ಲಿ ನಿಂತೆ.

ನಿಂತ ವ್ಯಾನಿಗೆ ಗತಿ ಎರಡೇ: ಕೊಳ್ಳುವವರು, ಇಲ್ಲವೇ ಗುಜರಿಯವನು. ದಾವಲಬಿಯನ್ನು ಬಿಟ್ಟರೆ ಕೇಳಿದವರಿಲ್ಲ. ತನ್ನ ಗಾಡಿಯನ್ನು ಸುತ್ತಿಗೆಯಿಂದ ಒಡೆಯುವುದನ್ನು ನೋಡಲಾರೆನೆಂದು ರಾಚಪ್ಪ ಈ ಬಣ್ಣದ ಆಟ ಹೂಡಿದ. ನನಗೆ ಮಾತ್ರ ಆಸೆ ಇರಲಿಲ್ಲವೇ? ಇತ್ತು. ಮತ್ತೆ ರಸ್ತೆ, ಮತ್ತೆ ನನ್ನೊಳಗೆ ಮಕ್ಕಳ ಉಸಿರು. ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಹೇಸಿಗೆ. ಹಿಕ್ಕೆಯ ಮೇಲೆ ಬಣ್ಣ ಬಳಿಸಿಕೊಂಡು ಹೆಣ್ಣು ನೋಡಲು ಬರುವವರಿಗಾಗಿ ಕಾಯುವ ವಧುವಿನಂಥ ಜನ್ಮ.

ಮಧ್ಯಾಹ್ನದ ಹೊತ್ತಿಗೆ ನಿಂಬೆವ್ವ ಚಹಾ ತಂದಳು. ರಾಚಪ್ಪ ಒಳಗಿನ ನೆಲಕ್ಕೂ ರೋಲರ್ ಆಡಿಸಿ ಮುಗಿಸಿದ್ದ.

"ಒಳಗ ತೂತು ಇದ್ದವಲ್ಲ?" ಎಂದಳು.

"ತುಂಬೀನಿ."

"ಏನ ತುಂಬೀರಿ?"

"ಗೋಣಿ ಚಿಂದಿ. ಮ್ಯಾಲ ಪುಟ್ಟಿ, ಅದರ ಮ್ಯಾಲ ಬಣ್ಣ. ಕಲ್ಲಿನ ಗುಂಡಿಗೆ ಸೀಸ ತುಂಬ್ತಿದ್ದಿಲ್ಲೇನ, ಹಂಗ. ಹುಡುಕಿದ್ರೂ ಸಿಗೂದಿಲ್ಲ ನೋಡು."

"ಸೀಸ ತುಂಬಿದ್ರ ತೂಕ ಬರ್ತೈತಿ. ಚಿಂದಿ ತುಂಬಿದ್ರ ಏನ ಬರ್ತೈತಿ?"

ರಾಚಪ್ಪ ಚಹಾ ಊದುತ್ತ ಕೂತ. ನಿಂಬೆವ್ವ ಮನೆಯೊಳಗೆ ಹೋಗಿ ಇಪ್ಪತ್ತು ಕಿಲೋದ ಕಲ್ಲನ್ನು ಎರಡೂ ಕೈಯಿಂದ ಎತ್ತಿಕೊಂಡು, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು, ನನ್ನ ಬಾಗಿಲಿಗೆ ಬಂದಳು.

"ಏ ನಿಂಬಿ, ಬಣ್ಣ ಹಸಿ ಐತಿ, ಇಡಬ್ಯಾಡ."

"ಕಣ್ಣಿಂದ ತೂಗಬ್ಯಾಡ್ರಿ ಅಂತ ಊರ ಮಂದಿಗೆಲ್ಲಾ ಹೇಳಿದವರು ನೀವ."

ಮಂಚದ ಪಕ್ಕ, ಮಕ್ಕಳು ಮಲಗಬಹುದಾದ ಜಾಗದಲ್ಲೇ ಕಲ್ಲನ್ನಿಟ್ಟಳು. ನಾನು ಬಿಗಿ ಹಿಡಿದೆ. ನಿಜವಾಗಿ ಹಿಡಿದೆ. ಒಂದು ಗಳಿಗೆ ಕಲ್ಲು ನಿಂತಿತು, ರಾಚಪ್ಪನ ಮುಖ ಅರಳಿತು. ಆಮೇಲೆ ಕೊಳೆತ ಕುಂಬಳಕಾಯಿಯೊಳಗೆ ಬೆರಳು ಇಳಿದಂತೆ ಕಲ್ಲು ಮೆಲ್ಲಗೆ ಇಳಿಯಿತು. ಬಣ್ಣ, ಪುಟ್ಟಿ, ಚಿಂದಿ ಎಲ್ಲವನ್ನೂ ಎಳೆದುಕೊಂಡು ನನ್ನ ಅಡಿಯ ಮಣ್ಣಿಗೆ ಧೊಪ್ಪನೆ ಬಿದ್ದಿತು. ತೂತಿನ ಅಂಚಿನಿಂದ ಕಪ್ಪು ರಾಡಿ ಜಿನುಗಿತು. ಅದರಲ್ಲಿ ಒಂದು ಕೋಳಿಪುಕ್ಕ.

ನಿಂಬೆವ್ವ ಮೂಗು ಮುಚ್ಚಿಕೊಳ್ಳಲಿಲ್ಲ.

"ಆಕೀ ಮೊಮ್ಮಗ ಇದಕಿಂತ ಹಗರ ಇರ್ತಾನೇನ್ರಿ?"

ರಾಚಪ್ಪ ಆ ತೂತಿನಿಂದ ಕೆಳಗಿನ ಕಲ್ಲನ್ನೇ ನೋಡಿದ. ಚಹಾ ಆರಿತು. ಆಮೇಲೆ ನನ್ನ ಮುಂದಿನ ಸೀಟಿಗೆ ಹತ್ತಿ, ಗಾಜಿನ ಮೇಲೆ ಬಿಸಿಲು ತಡೆಯುವ ಪಟ್ಟಿಯಲ್ಲಿ ಸಿಕ್ಕಿಸಿದ್ದ ಇನ್‌ಲ್ಯಾಂಡ್ ಪತ್ರವನ್ನು ಎಳೆದ. ಮೂರು ತಿಂಗಳಿಂದ ಅದರಲ್ಲಿ ದಾವಲಬಿಯ ವಿಳಾಸ ಮತ್ತು 'ಇತ್ತ ಕಡೆ ಎಲ್ಲರೂ ಕ್ಷೇಮ' ಎಂಬಷ್ಟೇ ಇತ್ತು. ಅದರ ಮುಂದೆ ಸುಳ್ಳು ಬರೆಯಲು ಅವನ ಕೈ ಬಂದಿರಲಿಲ್ಲ, ನಿಜ ಬರೆಯಲು ಮನಸ್ಸು ಬಂದಿರಲಿಲ್ಲ. ಈಗ ತೊಡೆಯ ಮೇಲಿಟ್ಟುಕೊಂಡು ಬರೆದ.

"ಓದ್ರಿ," ಎಂದಳು ನಿಂಬೆವ್ವ.

ಅವನು ಓದಿದ. "ತಳ ಗಟ್ಟಿ ಇಲ್ಲ. ಹೊರಗಿನ ಬಣ್ಣ ನಾನ ಹಚ್ಚಿದ್ದು, ಅದನ್ನ ನಂಬಬ್ಯಾಡ್ರಿ. ಮಕ್ಕಳನ್ನ ಇದರಾಗ ಮಲಗಸೂದು ಬ್ಯಾಡ. ನಿಮಗ ಬ್ಯಾರೆ ಗಾಡಿ ನೋಡಾಕ ನಾನೂ ಕಲ್ಲು ಹಿಡ್ಕೊಂಡು ಬರ್ತೀನಿ. ಉತ್ತರ ತಡಾ ಆತು, ತಪ್ಪಾತು."

ಇನ್ನು ನನ್ನ ಪಾಲಿಗೆ ಗುಜರಿಯವನೇ. ಈ ಹಳಸಿದ ಬಣ್ಣದಲ್ಲೇ ಅವನ ಮುಂದೆ ನಿಲ್ಲಬೇಕಲ್ಲ ಎಂಬ ಅಸಹ್ಯ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಕೋಳಿಯವನ ಕಾಲದಿಂದ ಒಳಗೊಳಗೇ ಕೊಳೆಯುತ್ತಿದ್ದ ಆ ಜಾಗದಲ್ಲಿ ಗಾಳಿ ಆಡುತ್ತಿತ್ತು.

ನಿಂಬೆವ್ವ ಅಂಚಿನ ಅಂಟನ್ನು ನಾಲಿಗೆಯಿಂದ ತೇವ ಮಾಡಿ ಪತ್ರ ಮಡಿಸಿದಳು. ವಿಳಾಸದ ಪಕ್ಕ ರಾಚಪ್ಪನ ಹೆಬ್ಬೆರಳಿನ ಬಣ್ಣ ಮೆತ್ತಿತ್ತು. ಅದನ್ನು ಸೆರಗಿನಿಂದ ಒರೆಸಲು ನೋಡಿ, ಹೋಗದಿದ್ದಾಗ ಬಿಟ್ಟಳು. ಓಣಿಯ ತುದಿಯ ಕೆಂಪು ಅಂಚೆಡಬ್ಬಿಯವರೆಗೆ ನಡೆದು ಹೋದಳು. ಪತ್ರವನ್ನು ಒಳಗೆ ಹಾಕಿ, ಬಿದ್ದಿತೋ ಇಲ್ಲವೋ ಎಂದು ಡಬ್ಬಿಯ ಬಾಯಿಗೆ ಕೈ ತೂರಿಸಿ ಮುಟ್ಟಿ ನೋಡಿ ಬಂದಳು.